ತಿಳಿನೀರಿಗಾಗಿ ಕಾದವನು

ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ‘ಮುಂದಿನ್ವಾರ’ ಎಂದು. ಪೆಟ್ಟಿಗೆ ಹೊರುವವರಿಗೆ ಪಾಳಿ ಹಂಚುವುದು ಅವನ ಕೆಲಸ. ರಜೆ ಕೇಳಿ ಬಂದವರಿಗೆಲ್ಲ ಅವನ ಬಾಯಲ್ಲಿ ಸಿಗುತ್ತಿದ್ದ ಉತ್ತರ ಅದೊಂದೇ. ಮೈಮುರಿದು ದುಡಿಯುವವರ ನಡುವೆ ಹೀಟರ್ ಪಕ್ಕ ಪೆನ್ನು ಹಿಡಿದು ಕೂತವನಿಗೆ ಇಷ್ಟಾದರೂ ಗತ್ತು ಬೇಡವೇ ಎಂದು ಅವನೇ ತನ್ನನ್ನು ಆಡಿಕೊಳ್ಳುತ್ತಿದ್ದ. ಇಂಥವನ ಕೈಗೆ ಚಿಕ್ಕಪ್ಪ ತಮ್ಮ ಒಂದೇ ಒಂದು ಆಸೆಯನ್ನು ಒಪ್ಪಿಸಿಬಿಟ್ಟರು.

ಚಿಕ್ಕಪ್ಪ ಫೆರಿ ಬೋಟಿನ ಮೆಕ್ಯಾನಿಕ್. ಮದುವೆಗೆ ಮುಂಚೆ ಹತ್ತಿದ ಬೋಟಿನಿಂದ ತಲೆ ನರೆತ ಮೇಲೆಯೇ ಇಳಿದವರು. ಹಳತಾಯಿತೆಂದು ಅದನ್ನು ಗುಜರಿಗೆ ಎಳೆದೊಯ್ಯುವಾಗ ಬಿರುಗಾಳಿಗೆ ಸಿಕ್ಕಿ ಕೊಲ್ಲಿಯಲ್ಲೇ ಮುಳುಗಿತು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೆ ಸುದ್ದಿ ಕೇಳಿದ ಚಿಕ್ಕಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದುಬಿಟ್ಟರು. ತಾವು ಸಾಕಿದ ಎಂಜಿನ್ನನ್ನು ಒಂದು ಸಲ ನೀರಿಗಿಳಿದಾದರೂ ನೋಡಿ ಬರಬೇಕು ಎಂಬ ಹಟ ಅಂದು ಹುಟ್ಟಿತು.

ನಿವೃತ್ತಿಯಾದದ್ದೇ ತಡ, ಅಣ್ಣನ ಮಗನಾದ ಇವನನ್ನೂ ಕಟ್ಟಿಕೊಂಡು ಸ್ಕೂಬಾ ಕಲಿಯಲು ಈಜುಕೊಳಕ್ಕೆ ಸೇರಿದರು. ಇವನು ಕುಡಿದ ನೀರಿಗೆ ಕೊಳ ಒಂದು ಗೇಣು ಇಳಿದಿರಬೇಕು. ಚಿಕ್ಕಪ್ಪ ಮಾತ್ರ ಆರಾಮ ಕುರ್ಚಿಯಲ್ಲಿ ಒರಗಿದವರಂತೆ ತಳದಲ್ಲಿ ಉಸಿರಾಡಿಕೊಂಡಿರುತ್ತಿದ್ದರು. ಚಳಿನೀರಿಗೆಂದು ತಂದ ಎರಡು ದಪ್ಪ ರಬ್ಬರ್ ಸೂಟುಗಳು ಬಾಗಿಲ ಹಿಂದೆ ನೇತಾಡತೊಡಗಿದವು. ಸ್ನಾನದ ನೀರು ಸ್ವಲ್ಪ ಆರಿದರೂ ಮನೆ ಎತ್ತಿ ಕುಣಿಯುವ ಮನುಷ್ಯ ಮಂಜಿನಂಥ ಸಮುದ್ರಕ್ಕೆ ಇಳಿಯುತ್ತಾನಂತೆ ಎಂದು ಚಿಕ್ಕಮ್ಮ ಬಂದವರಿಗೆಲ್ಲ ಅವನ್ನು ತೋರಿಸುತ್ತಿದ್ದರು.

ದಿನ ಗೊತ್ತುಮಾಡುವುದು ಇವನ ಪಾಲಿಗೆ ಬಂತು. ಪಾಳಿ ಹಂಚುವವನಲ್ಲವೇ! ಅಲೆ ಅಡಗಿರಬೇಕು, ಉಬ್ಬರ ಇಳಿತಗಳ ನಡುವೆ ನೀರು ನಿಲ್ಲುವ ಹೊತ್ತು ಹಗಲಲ್ಲೇ ಬರಬೇಕು, ಬೋಟು ಸಿಗಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನೀರು ತಿಳಿಯಾಗಿರಬೇಕು. ಒಂದಿದ್ದರೆ ಇನ್ನೊಂದಿಲ್ಲ. “ನೀವಿಬ್ರೂ ಇಳಿಯೋ ಹೊತ್ಗೆ ಸಮುದ್ರಾನೇ ಬತ್ತಿರುತ್ತೆ ಬಿಡಿ” ಎಂದು ಚಿಕ್ಕಮ್ಮ ಚುಚ್ಚಿದರು.

ಬೇಸಿಗೆಯಲ್ಲಿ ಒಂದು ದಿನ ಬೋಟಿನವನೇ ಫೋನ್ ಮಾಡಿದ. ಸಮುದ್ರ ಮಲಗಿದೆ, ನಾಳೆ ಬನ್ನಿ ಎಂದ. ನೀರು ಹೇಗಿದೆ ಎಂದು ಇವನು ಕೇಳಿದ. ಹಸಿರು ಗಂಜಿಯ ಹಾಗಿದೆ, ಚಾಚಿದ ಕೈ ಕಂಡರೆ ಹೆಚ್ಚು, ಆದರೆ ಹಗ್ಗ ಹಿಡಿದು ಇಳಿದರೆ ಅಪಾಯವೇನಿಲ್ಲ ಎಂದು ಅವನೆಂದ. ಇವನು ಬೇಡವೆಂದುಬಿಟ್ಟ. ಹೇಳಲು ಹೋದರೆ, ಬೋಟಿನವನಿಂದ ಸುದ್ದಿ ತಿಳಿದ ಚಿಕ್ಕಪ್ಪ ಆಗಲೇ ಚೀಲ ಕಟ್ಟಿ ಬಾಗಿಲಲ್ಲಿಟ್ಟಿದ್ದರು.

“ಎಂಜಿನ್ ರೂಮಲ್ಲಿ ನಾನ್ಯಾವತ್ತು ಕಣ್ಣಿಂದ ಕೆಲಸ ಮಾಡಿದ್ದೆ? ಕೈಗೆ ಸಿಕ್ರೆ ಸಾಕು ಕಣೋ.”

“ಇಷ್ಟು ಕಾದಿದೀರ. ಚಳಿಗಾಲದಲ್ಲಿ ನೀರು ಗಾಜಿನ ಥರ ಇರುತ್ತೆ ಚಿಕ್ಕಪ್ಪ. ಕಣ್ತುಂಬ ನೋಡೋಣ.”

ಅವರು ಕಟ್ಟಿದ ಚೀಲ ಬಿಚ್ಚಿ ಸಾಮಾನನ್ನು ಒಂದೊಂದಾಗಿ ತೆಗೆದು, ಕೈಗವಸುಗಳನ್ನು ಜೋಡಿ ಮಾಡಿ ಕಪಾಟಿನಲ್ಲಿಟ್ಟರು. ಒಂದು ಮಾತು ಬೈದಿದ್ದರೆ ತಾನು ಮನಸ್ಸು ಬದಲಿಸುತ್ತಿದ್ದೆನೋ ಏನೋ ಎಂದು ಅವನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ತಪ್ಪನ್ನು ಅವರ ತಲೆಗೇ ಕಟ್ಟುವ ಬುದ್ಧಿ ನೋಡು ಎಂದು ನಾಚಿಕೆಯೂ ಆಗಿದೆ.

ಚಳಿ ಕಾಲಿಡುವ ಮೊದಲೇ ಚಿಕ್ಕಪ್ಪನಿಗೆ ನೆಗಡಿಯಾಯಿತು. ನೆಗಡಿ ಕಿವಿಗಿಳಿಯಿತು, ಕಿವಿ ಸೋರಿತು, ಕೊನೆಗೆ ಆಪರೇಷನ್ ಮಾಡಿಸಬೇಕಾಯಿತು. ಡಾಕ್ಟರ್ ಒಳ್ಳೆಯವರು. ಓಡಾಡಿ, ಬೋಟಿನಲ್ಲಿ ಬೇಕಾದರೂ ಕೂರಿ, ಆದರೆ ನೀರಿನಡಿ ಹೋಗುವ ಮಾತು ಇನ್ನು ಎತ್ತಲೇಬೇಡಿ, ಆ ಒತ್ತಡಕ್ಕೆ ಈ ಕಿವಿ ತಡೆಯುವುದಿಲ್ಲ ಎಂದರು. ಚಿಕ್ಕಪ್ಪ ತಲೆಯಾಡಿಸಿದರು. ಮನೆಗೆ ಬಂದು ತಮ್ಮ ಸೂಟನ್ನು ಬಾಗಿಲ ಹಿಂದಿನಿಂದ ತಾವೇ ತೆಗೆದರು.

ಚಳಿಗಾಲದ ನಡುವೆ, ಅವನು ಬಯಸಿದ್ದ ಎಲ್ಲವೂ ಒಂದೇ ದಿನ ಕೂಡಿಬಂದವು. ಹೋಗುವುದೇ ಬೇಡ ಎಂದು ಅವನು ಸುಮ್ಮನಿದ್ದರೆ ಚಿಕ್ಕಪ್ಪ ಬಿಡಲಿಲ್ಲ. “ನೀನಾದ್ರೂ ನೋಡ್ಕೊಂಡ್ ಬಾ. ನಾನು ಬೋಟಲ್ಲಿರ್ತೀನಿ” ಎಂದು ಕಿವಿಗೆ ಮಫ್ಲರ್ ಸುತ್ತಿಕೊಂಡು ಹೊರಟರು.

ಈಜುಕೊಳದ ಮೇಷ್ಟರ ಜೊತೆ ಅವನು ಕಾಲಿಗೆ ಫಿನ್ ಎಂಬ ರಬ್ಬರ್ ರೆಕ್ಕೆ ತೊಟ್ಟು ಇಳಿದ. ಚಳಿ ಕೆನ್ನೆ ಕಚ್ಚಿತು. ಕೊಲ್ಲಿಯ ಆ ಭಾಗ ಅಷ್ಟೇನೂ ಆಳವಿಲ್ಲ. ಅರ್ಧ ಹಗ್ಗ ಇಳಿಯುವಷ್ಟರಲ್ಲಿ ಮುಳುಗಿದ ಬೋಟು ಪೂರ್ತಿ ಕಂಡಿತು. ಒಂದು ಮಗ್ಗುಲಿಗೆ ಒರಗಿತ್ತು. ಒಡೆದ ಪಕ್ಕೆಯ ಒಳಗೆ ಎಂಜಿನ್ನಿನ ಬೋಲ್ಟು ಬೋಲ್ಟೂ ಎಣಿಸುವ ಹಾಗಿತ್ತು. ನೀರಿನಲ್ಲಿ ಒಬ್ಬರಿಗೊಬ್ಬರು ಕೈಸನ್ನೆಯಲ್ಲೇ ಮಾತಾಡಬೇಕು. ‘ನೋಡಿ’ ಎಂದು ತೋರಿಸಲು ಅವನು ಅಭ್ಯಾಸಬಲದಿಂದ, ಕೊಳದಲ್ಲಿ ಚಿಕ್ಕಪ್ಪ ಇರುತ್ತಿದ್ದ ಬಲಕ್ಕೆ ತಿರುಗಿದ. ಮೇಷ್ಟರು ಗಡಿಯಾರ ನೋಡುತ್ತಿದ್ದರು.

ಮೇಲೆ ಬಂದವನನ್ನು ಚಿಕ್ಕಪ್ಪ ತೋಳು ಹಿಡಿದು ಎಳೆದುಕೊಂಡರು. ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಅವನ ಮರಗಟ್ಟಿದ ಬೆರಳುಗಳ ಮೇಲೆ ಹನಿಸಿದರು. ಹೇಗಿತ್ತು ಎಂದು ಕೇಳಿದರು.

“ಏನೂ ಕಾಣ್ಲಿಲ್ಲ ಚಿಕ್ಕಪ್ಪ” ಎಂದ ಅವನು. “ಪೂರ್ತಿ ಕಲಕಿಬಿಟ್ಟಿದೆ. ನೀವು ಬಂದಿದ್ರೂ ವೇಸ್ಟ್ ಆಗ್ತಿತ್ತು.”

ಚಿಕ್ಕಪ್ಪ ಬಗ್ಗಿ ನೀರನ್ನೇ ನೋಡಿದರು.

“ಹೌದಾ?” ಎಂದರು. “ಕೆಳಗೆ ನೀನು ಹಳದಿ ಫಿನ್ ಬಡೀತಿದ್ದಿದ್ದು ನಂಗಿಲ್ಲಿಂದ್ಲೇ ಕಾಣ್ತಿತ್ತಲ್ಲೋ.” ಆಮೇಲೆ ಅವನ ಇನ್ನೊಂದು ಕೈಯನ್ನು ಎಳೆದುಕೊಂಡು, ಉಳಿದ ಬಿಸಿನೀರನ್ನು ಅದರ ಮೇಲೂ ಹನಿಸಿದರು.