ಬಸ್ ಸ್ಟಾಪಿಗೆ ಕೇಳದ ಪದ

ಕಲ್ಯ ಗ್ರಾಮದ ನಮ್ಮ ಮಹಿಳಾ ಸಂಘದವರು ಮಾಗಡಿಯ ಕಾರ್ಯಕ್ರಮವೊಂದರಲ್ಲಿ ಜನಪದ ಗೀತೆ ಹಾಡಬೇಕಾಗಿತ್ತು. ತಮಟೆಯಿಲ್ಲ, ಡೋಲಿಲ್ಲ, ಅಷ್ಟೂ ಜನಕ್ಕೆ ಒಂದೇ ಮೈಕು, ಉಳಿದದ್ದು ಬರಿಯ ಗಂಟಲು. ಹಾಸ್ಟೆಲ್ ವಾರ್ಡನ್ ಆಗಿ ನಿವೃತ್ತಳಾದ ನನಗೆ ಪದಗಳನ್ನು ಆರಿಸುವ ಕೆಲಸ ವಹಿಸಿದರು. ಕೆಲಸವೆಂದ ಮೇಲೆ ಒಂದು ನಿಯಮ ಬೇಕು. ನಾವು ಹಾಲಿನ ಡೈರಿಯ ಜಗಲಿಯಲ್ಲಿ ಹಾಡುವುದು. ಒಬ್ಬಳು ಬಸ್ ಸ್ಟಾಪಿನಲ್ಲಿ ನಿಲ್ಲುವುದು. ಅಲ್ಲಿಗೆ ಕೇಳಿದ ಪದ ಪಾಸು, ಕೇಳದ್ದು ಫೇಲು ಎಂದೆ.

ನಾಟಿ ಪದ ಪಾಸಾಯಿತು. ಕಣದ ಪದಕ್ಕಂತೂ ಬಸ್ಸಿಗೆ ಕಾಯುತ್ತಿದ್ದವರೂ 'ಹೋ' ಎಂದು ದನಿ ಸೇರಿಸಿದರಂತೆ. ಈಗ ಊರಲ್ಲಿ ಕಣವಿಲ್ಲ. ರಾಗಿ ತೆನೆಯನ್ನು ಟಾರು ರಸ್ತೆಗೆ ಹರಡುತ್ತಾರೆ, ಲಾರಿಗಳು ತುಳಿದು ಹೋಗುತ್ತವೆ.

ನನಗೆ ಬರುವುದು ಒಂದೇ ಪದ. ರಾಗಿ ಬೀಸುವಾಗ ಅಕ್ಕ ಮೊದಲ ಸಾಲು ಎತ್ತುತ್ತಿದ್ದಳು, ಕಲ್ಲಿನ ಈಚೆ ಕೂತು ನಾನು ಎರಡನೆಯದು ಹೇಳುತ್ತಿದ್ದೆ. ಅಕ್ಕ ತೀರಿಕೊಂಡ ಮೇಲೆ ಅದನ್ನು ನನ್ನೊಂದಿಗೆ ಹಾಡುವವರಿಲ್ಲ. ಸಂಘದವರು ಕಲಿತರೆ, ನಾನು ಸಾಲು ಎತ್ತಿದಾಗ ಯಾರಾದರೂ ಎದುರು ಹೇಳಿಯಾರು ಎಂಬ ಆಸೆ. ಅದನ್ನು ಬಾಯಿಬಿಟ್ಟು ಹೇಳದೆ, ಕೆಲವು ಸಂಜೆ ಪದ ಮಾತ್ರ ಕಲಿಸಿದೆ.

ಅದರ ಪರೀಕ್ಷೆಯ ದಿನ ಹಾಡಿ ಮುಗಿಸಿ ಬಹಳ ಹೊತ್ತಾದರೂ ಬಸ್ ಸ್ಟಾಪಿಗೆ ಹೋದವಳು ಬರಲಿಲ್ಲ. ಕೊನೆಗೆ ಬಂದವಳು, "ಏನ್ ಮೇಡಮ್ನೋರೆ, ಯಾವಾಗ ಸುರು ಮಾಡೀರಿ? ನಿಂತೂ ನಿಂತೂ ಕಾಲು ನೋಯ್ತಾವೆ" ಎಂದಳು.

"ಹಾಡಿ ಆಯ್ತು ಕಣೇ, ಕಿವೀಗೆ ಹತ್ತಿ ಮಡಿಕ್ಕಂಡಿದ್ಯಾ?" ಎಂದು ಜಗಲಿಯಿಂದ ಒಬ್ಬಳು ಛೇಡಿಸಿದಳು.

"ಒಸಿ ಗುಂಯ್ ಅಂತು. ಜೇನ್ಹುಳ ಅಂದ್ಕಂಡೆ."

ಎಲ್ಲರೂ ನಕ್ಕರು. ಸಂಘದ ಹಿರಿಯಳು ಮಾತ್ರ ನನ್ನ ಮುಖ ನೋಡಿ, "ಇರ್ಲಿ ಬುಡಿ ಮೇಡಮ್ನೋರೆ, ಪಾಪ, ನಿಮ್ದೂ ಒಂದು ಹಾಕ್ಕಳನ. ಮೈಕಿನ ತಾವ ನೀವೇ ನಿಂತ್ಕಳಿ" ಎಂದಳು.

ಆ 'ಪಾಪ' ಚುಚ್ಚಿತು. ಅಲ್ಲದೆ, ಬೀಸುವ ಪದ ಕಲ್ಲಿನ ಆಚೆ ಕೂತವಳಿಗೆ ಕೇಳಿದರೆ ಸಾಕಾದ ಪದ. ಮೈಕಿನಲ್ಲಿ ಕೂಗಿದರೆ ಅದು ಅಕ್ಕನ ಪದವಾಗಿರುವುದಿಲ್ಲ.

"ನಿಯಮ ಎಲ್ಲರಿಗೂ ಒಂದೇ. ಮುಂದಿನದು ತೊಗೊಳ್ಳಿ" ಎಂದೆ.

ಕಾಲುನೋವಿನವಳು ಆಗಲೇ ಕೂತುಬಿಟ್ಟಿದ್ದಳು. ನಾನೇ ಬಸ್ ಸ್ಟಾಪಿಗೆ ಹೋದೆ. ಬಸ್ಸು ಆಗಷ್ಟೇ ಹೋಗಿ ಅಲ್ಲಿ ಯಾರೂ ಇರಲಿಲ್ಲ. ಕಳೆ ಕೀಳುವ ಪದ ಒಂದಕ್ಷರ ಬಿಡದೆ ಕೇಳಿಸಿತು. ಪಾಸು. ಹಿಂತಿರುಗಿ ಹೇಳಬೇಕಿತ್ತು, ಆ 'ಗುಂಯ್' ಕೇಳೀತೇನೋ ಎಂದು ನಿಂತೇ ಇದ್ದೆ. ನನಗೆ ಕಾಯದೆ ಅವರು ಇನ್ನೊಂದು ಜೋರಿನ ಪದ ಎತ್ತಿಕೊಂಡರು.