ನೀಲವ್ವನ ಹೊಸ್ತಿಲು

ಕೊರೊನಾ ಮುಗಿದ ಮರುವರ್ಷ. ಜಮಖಂಡಿಯಲ್ಲಿ ನಿವೃತ್ತ ಕನ್ನಡ ಪ್ರಾಧ್ಯಾಪಕರೊಬ್ಬರ ಮನೆ ಕಟ್ಟುವ ಕೆಲಸಕ್ಕೆ ನಾನೇ ಗೌಂಡಿ ಮೇಸ್ತ್ರಿ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಆದರೆ ನಾನು ಎತ್ತಿದ ಗೋಡೆಗೆ ತೂಗುಗುಂಡು ಬಿಟ್ಟು ಯಾವ ಇಂಜಿನಿಯರೂ ತಪ್ಪು ತೋರಿಸಿಲ್ಲ.

ಸರ್ ಆಗ ಒಂದು ಭಾಷಣ ಬರೆಯುತ್ತಿದ್ದರು. ‘ಹೊಸ್ತಿಲು’ ಎಂಬ ಒಂದೇ ಮಾತು ನಮ್ಮ ಹಾಡು, ಕಾವ್ಯಗಳಲ್ಲಿ ಎಷ್ಟು ಅರ್ಥ ಹೊತ್ತಿದೆ ಎಂಬುದು ವಿಷಯ. ಸಿಮೆಂಟ್ ಚೀಲದ ಪಕ್ಕ ಕುರ್ಚಿ ಹಾಕಿಸಿಕೊಂಡು ನಮಗೂ ಓದಿ ಹೇಳುತ್ತಿದ್ದರು. ಮಗಳಿಗೆ ಅದು ದಾಟಬಾರದ ಗೆರೆ, ಸೊಸೆಗೆ ಹೊಸ ಬದುಕು, ಮುದುಕನಿಗೆ ಸಾವಿನ ಅಂಚು. ಗಾರೆ ಹಚ್ಚುವ ಕರಣಿ ಕೈಯಲ್ಲೇ ಹಿಡಿದು ಕೇಳುತ್ತಿದ್ದೆ. ಖರೆ ಹೇಳಬೇಕೆಂದರೆ ಛಲೋ ಹೇಳುತ್ತಿದ್ದರು.

ಅವರಿಗೆ ಹಳೆಯ ಸಾಗವಾನಿ ಹೊಸ್ತಿಲೇ ಬೇಕಿತ್ತು. ಬೀಳಗಿ ಕಡೆಯ ನೀಲವ್ವ ಮೊದಲು ನನ್ನ ಕೈಕೆಳಗೆ ದುಡಿದವಳು, ಮೊಣಕಾಲು ನೋವಿಗೆ ಕೆಲಸ ಬಿಟ್ಟಿದ್ದಳು. ಅವಳ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವಾಗ ಕಿತ್ತು ತಂದ ಹೊಸ್ತಿಲು ಪುನರ್ವಸತಿ ಕೇಂದ್ರದ ತಗಡಿನ ಮನೆಯಲ್ಲಿ ಗೋಡೆಗೆ ಒರಗಿತ್ತು. ಸರ್ ಅವರನ್ನು ಕರೆದುಕೊಂಡು ಹೋಗಿ ನಾನೇ ಕೇಳಿದೆ. ದುಡ್ಡು ಬೇಡವೆಂದಳು. ಕೊಯ್ಯದೆ ಇಡಿಯಾಗಿ ಕೂಡಿಸಬೇಕು, ಗೃಹಪ್ರವೇಶದ ದಿನ ತಾನು ಬಂದು ಅರಿಷಿಣ ಕುಂಕುಮ ಹಚ್ಚಬೇಕು, ಅಷ್ಟೇ. ನಾನು ಮಾತು ಕೊಟ್ಟೆ. ಸರ್ ಕಣ್ಣೊರೆಸಿಕೊಂಡರು.

ಹೊಸ್ತಿಲು ಬಾಗಿಲಿಗಿಂತ ಗೇಣುದ್ದ ಹೆಚ್ಚಿತ್ತು. ಹೊಸ ಕಟ್ಟಿಗೆಯಾದರೆ ಗೋಡೆಗೆ ತಕ್ಕಂತೆ ಕೊಯ್ಯುತ್ತೇವೆ. ಒಮ್ಮೆ ಪೂಜೆಗೊಂಡ ಹೊಸ್ತಿಲಿಗೆ ನಾವು ಗರಗಸ ಹಚ್ಚುವುದಿಲ್ಲ, ಗೋಡೆಯನ್ನೇ ಒಡೆದು ಸರಿಸುತ್ತೇವೆ. ಅದಕ್ಕೆ ಸರ್ ಒಪ್ಪಿದ್ದರು. ನಾನು ಮುಧೋಳದ ಇನ್ನೊಂದು ಕೆಲಸ ನೋಡಿ ಬರುವಷ್ಟರಲ್ಲಿ ಸರ್ ಬಾಗಿಲ ಎರಡೂ ಬದಿಯ ಗೋಡೆಗೆ ಗ್ರಾನೈಟ್ ಹಾಕಿಸಿಬಿಟ್ಟಿದ್ದರು. ಅದನ್ನು ಬಿಚ್ಚಿ, ಗೋಡೆ ಒಡೆದು ಸರಿಸಿ, ಕೂಲಿಯಿಲ್ಲದೆ ಮತ್ತೆ ಕಟ್ಟಿಕೊಡುತ್ತೇನೆಂದೆ.

“ಒಂದ್ ಗೇಣ ಕೊಯ್ದ್ರ ಏನಾತು ಮೇಸ್ತ್ರಿ? ಅರ್ಥ ಏನ್ ಕಡಿಮಿ ಆಗೂದಿಲ್ಲ,” ಎಂದರು.

“ಹಂಗಾರ ಆ ಅರ್ಥಾನ ಬಾಗಲಕ್ಕ ಹಾಕ್ಕೋರಿ ಸರ. ಕಟ್ಟಿಗಿ ಯಾಕ ಬೇಕು?” ಎಂದೆ.

ಕರಣಿ ತೊಳೆದುಕೊಂಡು ಕೆಲಸ ಬಿಟ್ಟೆ. ಮರುದಿನ ಬೇರೆಯವರು ಬಂದು ಮಷಿನ್ ಗರಗಸ ಹಚ್ಚಿದರು. ನೀಲವ್ವನಿಗೆ ಫೋನು ಮಾಡಿ ಹೇಳಿದೆ. ನಂಬಲಿಲ್ಲ. ತನ್ನ ಮುಂದೆ ಕಣ್ಣೀರು ಹಾಕಿದ ಮನುಷ್ಯ ಹಾಗೆ ಮಾಡುವುದಿಲ್ಲವೆಂದಳು.

ಗೃಹಪ್ರವೇಶದ ದಿನ ನಾನು ಗೇಟಿನ ಹೊರಗೆ ನಿಂತೆ. ನೀಲವ್ವ ಬಸ್ಸಿಳಿದು ಕುಂಟುತ್ತ ಬಂದಳು. ಬಾಗಿಲಲ್ಲಿ ಕೂತು ಹೊಸ್ತಿಲ ಮೇಲೆ ಕೈಯಾಡಿಸಿದಳು. ಬಲತುದಿಯ ಕೆತ್ತನೆಯ ಹೂ ಅರ್ಧಕ್ಕೇ ನಿಂತಿತ್ತು. ಊಟ ಮಾಡಿಕೊಂಡು ಹೋಗಬೇಕೆಂದು ಸರ್ ಉಪಚಾರದ ಮಾತು ಹೇಳಿದರು. ಅವಳು ಅವರತ್ತ ನೋಡಲೂ ಇಲ್ಲ. ಅರಿಷಿಣ ಕುಂಕುಮದ ಪೊಟ್ಟಣ ಬಿಚ್ಚದೆ ಎದ್ದು ನನ್ನ ಹತ್ತಿರ ಬಂದಳು.

“ನೀರಾಗ ಬಿಟ್ಟು ಬಂದಿದ್ರ ಇಡಿಯಾಗಾದ್ರೂ ಮುಳುಗ್ತಿತ್ತೋ ಯಪ್ಪಾ,” ಎಂದಳು.

ಆ ಭಾಷಣಕ್ಕೆ ಸರ್‌ಗೆ ಶಾಲು, ಹಾರ ಬಿದ್ದವು. ನೀಲವ್ವನ ಹೊಸ್ತಿಲ ಕಥೆಯನ್ನೂ ಅದರಲ್ಲಿ ಸೇರಿಸಿದ್ದರಂತೆ, ಕೊಯ್ದದ್ದೊಂದನ್ನು ಬಿಟ್ಟು. ಅಂದಿನಿಂದ ನನ್ನ ಕಸುಬಿಗೆ ಒಂದು ನಿಯಮ ಮಾಡಿಕೊಂಡಿದ್ದೇನೆ. ಮನೆಯ ಯಜಮಾನ ಎಷ್ಟೇ ಚಂದ ಮಾತಾಡಲಿ, ಮೊದಲು ಗೋಡೆ ಒಡೆಸುತ್ತೇನೆ. ಇನ್ನೊಬ್ಬರ ಹೊಸ್ತಿಲು ಕೇಳಲು ಹೋಗುವುದು ಆಮೇಲೆ.