ಹುಳು ಹಣ್ಣಾದ ದಿನದ ಮದುವೆ

ಜಂಗಮಕೋಟೆಯ ಓಬಳಮ್ಮನವರ ಹುಳು ಮನೆಯ ಹೊಸ್ತಿಲಲ್ಲಿ, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೆನೆದ ಗೋಣಿತಾಟೊಂದು ಇಪ್ಪತ್ತು ವರ್ಷದಿಂದ ಬಿದ್ದಿದೆ. ರೇಷ್ಮೆ ಹುಳು ನೋಡಲು ಯಾರೇ ಬರಲಿ, ಚಪ್ಪಲಿ ಬಿಟ್ಟು, ತಾಟು ತುಳಿದು, ಕೈ ತೊಳೆದು, ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಒಳಗೆ ಹೋಗಬೇಕು. ಮಲ್ಲಿಗೆ ಮುಡಿದವರಿಗೆ, ಸೆಂಟು ಹಾಕಿದವರಿಗೆ ಪ್ರವೇಶವಿಲ್ಲ. ‘ಆಯಮ್ಮನ ಹುಳ ನೋಡೋಕಿಂತ ತಿರುಪತಿ ದರ್ಶನ ಸಲೀಸು’ ಎಂದು ಗಂಡನ ಅಣ್ಣ ಕೋನಪ್ಪ ಊರೆಲ್ಲ ಹೇಳಿಕೊಂಡು ನಗುತ್ತಿದ್ದರು. ಎರಡು ಸಾವಿರದ ಇಪ್ಪತ್ತರಲ್ಲಿ ಊರಿಗೆ ಊರೇ ಕೈ ತೊಳೆಯಲು ಶುರು ಮಾಡಿದಾಗ ಓಬಳಮ್ಮ ಕೋನಪ್ಪನ ಮನೆಗೆ ಒಂದು ಗೋಣಿತಾಟು ಕಳಿಸಿದರು, ಅಷ್ಟೆ.

ಮರುವರ್ಷ ಮಗಳು ಪದ್ಮಶ್ರೀಯ ಮದುವೆ. ಹುಡುಗ ಚಿಂತಾಮಣಿಯ ಅಂಬರೀಶ್, ಹಾಲಿನ ಡೇರಿಯಲ್ಲಿ ಕೆಲಸ. ಮೇ ತಿಂಗಳಿಗೆ ಶಿಡ್ಲಘಟ್ಟದಲ್ಲಿ ಛತ್ರ ಗೊತ್ತಾಗಿತ್ತು, ಎಂಟುನೂರು ಜನರ ಊಟ. ಎರಡನೇ ಅಲೆ ಬಂದು ಛತ್ರಕ್ಕೆ ಬೀಗ ಬಿತ್ತು. ಮದುವೆ ಸದ್ಯಕ್ಕಿಲ್ಲ, ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಸುಮ್ಮನೆ ಬಲಿಯುತ್ತಿದೆ ಎಂದು ಓಬಳಮ್ಮ ಮರಿ ಹುಳು ತಂದು ಮೇಯಿಸತೊಡಗಿದರು. ಅಷ್ಟರಲ್ಲಿ ಚಿಂತಾಮಣಿಯಿಂದ ಫೋನು ಬಂತು. ಮನೆ ಮುಂದೆ ನಲವತ್ತು ಜನರ ಮದುವೆಗೆ ಅನುಮತಿ ಸಿಗುತ್ತಿದೆ. ಜೂನ್‌ನ ಒಂದು ಗುರುವಾರ ಬಿಟ್ಟರೆ ಆಷಾಢ ಕಳೆಯುವವರೆಗೆ ಜೋಡಿಗೆ ಕೂಡುವ ಮುಹೂರ್ತವಿಲ್ಲ. ಗಂಡ ರಾಮಾಂಜಿನಪ್ಪ ಯಾರನ್ನೂ ಕೇಳದೆ ‘ಆಗಲಿ’ ಎಂದುಬಿಟ್ಟರು.

ಓಬಳಮ್ಮ ಬೆರಳು ಮಡಚಿ ದಿನ ಎಣಿಸಿದರು.

“ಆಗಲಿ ಅಂದ್ರಲ್ಲ, ಅವತ್ತೇ ಹುಳ ಹಣ್ಣಾಗೋದು!”

“ಒಂದಿನ ತಡಕೊಳ್ಳಿ ಅಂತ ಹೇಳು.”

“ಬೀಗರಿಗಾ?”

“ಹುಳಕ್ಕೆ.”

ಹುಳು ಹಣ್ಣಾಗುವುದೆಂದರೆ ಸೊಪ್ಪು ಬಿಟ್ಟು, ಮೈ ಹಳದಿಗೆ ತಿರುಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುವುದು. ಅವತ್ತೇ ಒಂದೊಂದನ್ನೂ ಕೈಯಲ್ಲಿ ಆರಿಸಿ ಗೂಡು ಕಟ್ಟುವ ಬಿದಿರಿನ ತಟ್ಟಿ, ಚಂದ್ರಂಕಿಯ ಮೇಲೆ ಬಿಡಬೇಕು. ತಡವಾದರೆ ಕಸದಲ್ಲೇ ನೂಲು ಸುತ್ತಿ ಬೆಳೆ ಹಾಳು. ಅದಕ್ಕೆ ಹದಿನೈದಿಪ್ಪತ್ತು ಜನ ಬೇಕು. ಹೊರಗಿನ ಆಳುಗಳು ಬರುವಂತಿಲ್ಲ. ಬಂದರೂ ನಲವತ್ತರಲ್ಲೇ ಲೆಕ್ಕ.

ಮನೆಯವರು, ಪುರೋಹಿತರು, ಅಡುಗೆಯವರು, ಗಂಡಿನ ಕಡೆಯವರು ಹೋಗಿ ಓಬಳಮ್ಮನ ಪಾಲಿಗೆ ಉಳಿದದ್ದು ಹದಿನಾಲ್ಕು ಜಾಗ. ಅಷ್ಟು ನೆಂಟರನ್ನು ಕರೆದು ಉಳಿದವರನ್ನು ಬಿಟ್ಟರೆ ಅವರು ಜನ್ಮವಿಡೀ ಮಾತು ಬಿಡುತ್ತಾರೆ. ಮೂರು ದಿನ ಪಟ್ಟಿ ಬರೆದು ಹರಿದರು. ನಾಲ್ಕನೇ ದಿನ ಸೊಪ್ಪು ಹಾಕುತ್ತಿದ್ದಾಗ ದಾರಿ ಹೊಳೆಯಿತು. ಹಣ್ಣು ಹುಳು ಆರಿಸಲು ಬರುವವರಿಗಷ್ಟೇ ಮದುವೆ! ಕೈಗೆ ಕೆಲಸ ಗೊತ್ತಿರಬೇಕು. ನೆಂಟಸ್ತಿಕೆ ಹತ್ತಿರದ್ದೋ ದೂರದ್ದೋ ಯಾರೂ ಕೇಳುವಂತಿಲ್ಲ. ದಿಬ್ಬೂರಹಳ್ಳಿಯ ದೂರದ ಸೋದರತ್ತೆ ಪಟ್ಟಿಗೆ ಬಂದರು. ಯಾವ ಮದುವೆಯಲ್ಲೂ ಮೊದಲ ಪಂಕ್ತಿ ತಪ್ಪಿಸದ ಕೋನಪ್ಪ ಬಿಟ್ಟುಹೋದರು.

ಒಂದು ವಾರ ಮುನಿಸಿಕೊಂಡಿದ್ದ ಕೋನಪ್ಪ, ಮದುವೆಯ ಹಿಂದಿನ ದಿನ ಬೆಳಿಗ್ಗೆ ಅಂಗಳದಲ್ಲಿ ನಿಂತಿದ್ದರು.

“ಏನಮ್ಮಾ, ನಾನು ಮಗೂಗೆ ದೊಡ್ಡಪ್ಪ. ನನ್ನ ಕೈಗೇನು ರೋಗ ಬಂದೈತೆ?”

“ರೋಗ ಇಲ್ಲ ಬಾವ, ನಶ್ಯ ಐತೆ. ಹೊಗೆಸೊಪ್ಪು ತಾಕಿದ್ರೆ ಹುಳ ಉಳಿಯಲ್ಲ.”

ಕೋನಪ್ಪ ನಶ್ಯದ ಡಬ್ಬಿ ತೆಗೆದು ತಮ್ಮನ ಕೈಗಿಟ್ಟರು. ಸ್ನಾನ ಮಾಡಿ, ತಮ್ಮನ ಒಗೆದ ಅಂಗಿ ತೊಟ್ಟು, ತಾಟು ತುಳಿದು ಒಳಗೆ ಬಂದರು. ಅಲ್ಲೊಂದು ಇಲ್ಲೊಂದು ಹುಳು ಆಗಲೇ ಹಣ್ಣಾಗಿತ್ತು. ಅವರು ಒಂದನ್ನು ಆರಿಸಿ ಅಂಗೈಯಲ್ಲಿಟ್ಟು ತೋರಿಸಿದರು.

“ಬಾವ, ಇದು ಇನ್ನೂ ಊಟಕ್ಕೆ ಕೂತೈತೆ.”

“ಪುಣ್ಯ ಮಾಡೈತೆ. ಅದಕ್ಕಾದ್ರೂ ಪಂಕ್ತೀಲಿ ಜಾಗ ಸಿಕ್ತು.”

ಓಬಳಮ್ಮ ನಕ್ಕುಬಿಟ್ಟರು. ಮಧ್ಯಾಹ್ನದವರೆಗೆ ಕಲಿಸಿ, ಪಟ್ಟಿ ತಂದು ತೋರಿಸಿದರು. ಅದರಲ್ಲಿ ಹದಿಮೂರು ಹೆಸರುಗಳಿದ್ದವು. ಹದಿನಾಲ್ಕನೆಯದನ್ನು ಮೊದಲ ದಿನದಿಂದಲೂ ಖಾಲಿ ಬಿಟ್ಟಿದ್ದರು.

ಗುರುವಾರ ಹೋಮದ ಹೊಗೆ ಹುಳು ಮನೆಗೆ ಬಾರದಂತೆ, ಪಡುವಣ ಗಾಳಿ ನೋಡಿ ಚಪ್ಪರವನ್ನು ಮೂಡಲ ಬದಿಗೆ ಹಾಕಿಸಿದ್ದರು. ಏಳೂ ನಲವತ್ತಕ್ಕೆ ತಾಳಿ ಕಟ್ಟಿದ್ದಾಯಿತು. ತಲೆ ಎಣಿಸಲು ಗ್ರಾಮ ಲೆಕ್ಕಾಧಿಕಾರಿ ಬಂದಾಗ ಚಪ್ಪರದಲ್ಲಿದ್ದವರು ಹನ್ನೊಂದೇ ಜನ. ಉಳಿದವರನ್ನು ಹುಡುಕುತ್ತಾ ಹುಳು ಮನೆಯ ಬಾಗಿಲಿಗೆ ಹೋದರು. ಒಳಗಿನಿಂದ ಕೋನಪ್ಪನ ಗಂಟಲು ಕೇಳಿತು.

“ಸಾರ್, ಚಪ್ಪಲಿ ಹೊರಗೆ! ತಾಟು ತುಳೀರಿ!”

ಒಳಗೆ ಎಲ್ಲರೂ ಮೂಗು ಬಾಯಿ ಮುಚ್ಚಿಕೊಂಡು, ಒಬ್ಬರಿಂದೊಬ್ಬರು ಮಾರು ದೂರ ನಿಂತು ಹುಳು ಆರಿಸುತ್ತಿದ್ದರು. ಮದುಮಗನ ತಾಯಿ ಕೊಂಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು.

“ಸೊಸೇನ ಕರ್ಕೊಂಡು ಹೋಗೋಕೆ ಬಂದೋಳ್ನ ಕೆಲಸಕ್ಕೆ ಹಚ್ಚಿದ್ರಲ್ಲ ಬೀಗಿತಿ!”

“ಉಟ್ಟಿರೋ ರೇಷ್ಮೆ ಸೀರೆ ಋಣ ತೀರಿಸ್ತಿದ್ದೀರಿ, ತೀರ್ಸಿ.”

ಅಧಿಕಾರಿ ಒಳಗೂ ಹೊರಗೂ ಎಣಿಸಿದರು. ಸರಿಯಾಗಿ ನಲವತ್ತು. ಕೊನೆಯ ಹುಳು ಚಂದ್ರಂಕಿ ಏರಿದಾಗ ಎರಡು ಗಂಟೆ. ಆಮೇಲೆಯೇ ಊಟ.

ಆರನೇ ದಿನ ಗೂಡು ಬಿಡಿಸಲು ಕೋನಪ್ಪ ಕರೆಯದೆಯೇ ಬಂದರು, ನಶ್ಯದ ಡಬ್ಬಿ ಮನೆಯಲ್ಲೇ ಬಿಟ್ಟು. ಸೀಮೆಸುಣ್ಣದಲ್ಲಿ ತಮ್ಮ ಹೆಸರು ಬರೆದಿಟ್ಟಿದ್ದ ಚಂದ್ರಂಕಿಯನ್ನು ಹುಡುಕಿ ತೆಗೆದರು. ಅದರ ತುಂಬ ಬಿಳಿಯ ಗಟ್ಟಿ ಗೂಡುಗಳು. ಒಂದು ಮೂಲೆಯಲ್ಲಿ ಮಾತ್ರ ಎರಡು ಹುಳು ನೂಲೇ ತೆಗೆಯದೆ ಬಾಡಿ ಬಿದ್ದಿದ್ದವು.

“ಇವು ಹಣ್ಣಾಗದ ಹಸಿ ಹುಳ, ಬಾವ” ಎಂದರು ಓಬಳಮ್ಮ.

ಕೋನಪ್ಪ ಬಗ್ಗಿ ನೋಡಿದರು.

“ಅವೆರಡು ಬೀಗಿತಿ ಬಿಟ್ಟಿದ್ದು.”